ಮುಟ್ಟದೆ ಖೋ ಅನ್ನಬಾರದು

ಹಟ್ಟಿಯಲ್ಲಿ ಮೊದಲ ಪಾಳಿಯ ಸೈರನ್ನಿಗಿಂತ ಮುಂಚೆ
ಕೇಳುತ್ತಿದ್ದುದು ಕಾಸೀಮ್‌ಸಾಬ್ ಮಾಸ್ತರರ ಸೈಕಲ್ ಚೈನು.
ಕ್ಯಾರಿಯರಿನಲ್ಲಿ ಸುಣ್ಣದ ಚೀಲ,
ಹ್ಯಾಂಡಲಿಗೆ ನೆನೆಸಿದ ಕಡಲೆಯ ಡಬ್ಬಿ,
ಕೊರಳಲ್ಲಿ ಕರಿದಾರದ ಸೀಟಿ.
ನಮ್ಮ ಅಪ್ಪಂದಿರು ಕಬ್ಬಿಣದ ಪಂಜರದಲ್ಲಿ ನಿಂತು
ನೆಲದೊಳಗೆ ಇಳಿಯುವ ಹೊತ್ತಿಗೆ
ನಾವು ಒಂಬತ್ತು ಹುಡುಗಿಯರು
ಗಣಿ ಉಗುಳಿದ ಬೂದು ಪುಡಿಯ ದಿಬ್ಬದ ಪಕ್ಕ
ಮುಖ ತೊಳೆಯದೆ ಓಡುತ್ತಿದ್ದೆವು.

ಕಂಬ ಎರಡೂ ಗಣಿಯ ಗುಜರಿಯವು.
ತುಕ್ಕು ಕೆರೆದು, ಎಣ್ಣೆ ಸವರಿ, ಅವರೇ ನೆಟ್ಟಿದ್ದು.
"ಎತ್ತು ಗಾಣ ತಿರುಗಿದಂಗ ತಿರುಗಬ್ಯಾಡ್ರಿ,
ಕಂಬಕ್ಕ ಒಂದು ಕೈ ಕೊಡ್ರಿ, ಮೈ ಅದರ ಪಾಡಿಗೆ ಬರತೈತಿ."

ಚಡ್ಡಿ ಅಂದದ್ದಕ್ಕೆ ಕ್ಯಾಂಪಿನ ಅವ್ವಂದಿರು ಬಾಗಿಲು ಹಾಕಿಕೊಂಡರು.
ಮಾಸ್ತರು ವಾದಕ್ಕೆ ನಿಲ್ಲಲಿಲ್ಲ.
ಮನೆಯಾಕೆ ಚಾಂದಬಿಯ ಮಿಶಿನ್ನಿನಲ್ಲಿ
ಮೀನಖಂಡದ ತನಕ ಬರುವ ನೀಲಿ ಪ್ಯಾಂಟು ಹೊಲಿಸಿದರು,
ಒಂಬತ್ತೂ ಒಂದೇ ಅಳತೆ. ಲಾಡಿ ಬಿಗಿದಷ್ಟು ನಮ್ಮದು.
ರಾಯಚೂರಿನಲ್ಲಿ ನೋಡಿದವರೆಲ್ಲ ನಕ್ಕರು.
ಎರಡನೇ ಸರದಿಗೆ ನಗು ನಿಂತಿತ್ತು.
ಗೆದ್ದೆವು ಅಂತಲ್ಲ. ಸೋತೆವು, ಮೂರು ಅಂಕಕ್ಕೆ.

ದೇವರಂಥ ಮನುಷ್ಯ ಅಂತ ಈಗ ಅಂದವರಿಗೆ
ನಾನು ಹೂಂ ಅನ್ನುವುದಿಲ್ಲ.
ಸಿಟ್ಟು ಬಂದರೆ ಚಪ್ಪಲಿ ತೂರುತ್ತಿದ್ದರು, ಗುರಿ ತಪ್ಪಿಸಿ.
ಒಂದು ವರ್ಷ ಮರಿಯಮ್ಮನ ವಯಸ್ಸು ಕಡಿಮೆ ಬರೆದು
ಸಿಕ್ಕಿಬಿದ್ದರು. ಎರಡು ವರ್ಷ ನಮ್ಮ ಶಾಲೆಗೆ ಪಂದ್ಯವೇ ಇಲ್ಲ.
ಆ ಎರಡು ವರ್ಷವೂ
ದಿನಾ ಬೆಳಿಗ್ಗೆ ಬಗ್ಗಿ, ಹಿಂದಕ್ಕೆ ಹಿಂದಕ್ಕೆ ನಡೆಯುತ್ತ,
ಒಬ್ಬರೇ ಸುಣ್ಣದ ಗೆರೆ ಹಾಕಿದರು.
ತಪ್ಪಿನ ಮಾತು ಯಾರೂ ಎತ್ತಲಿಲ್ಲ. ಅವರೂ.

ಹುಲಿಗೆಮ್ಮನಿಗೆ ಹತ್ತನೇತ್ತೆಯಲ್ಲೇ ಮದುವೆ ಮಾಡಿದರು.
ಅವಳ ಮನೆಗೆ ನಾಲ್ಕು ಸಲ ಹೋಗಿ ಬಂದರಂತೆ,
ನಾಲ್ಕೂ ಸಲ ಚಹಾ ಕುಡಿಸಿ ಕಳಿಸಿದರಂತೆ.
ಆಮೇಲೂ ಮಾರ್ಚಿಯವರೆಗೆ
ಹಾಜರಿಯಲ್ಲಿ ಅವಳ ಹೆಸರು ಕೂಗುತ್ತಿದ್ದರು.
ಒಂದಿನ ತಡೆಯಲಾರದೆ ನಾನೇ "ಯಸ್ಸಾರ್" ಅಂದೆ.
ತಲೆ ಎತ್ತಿ ನೋಡಿದರು, ಬಹಳ ಹೊತ್ತು.
ಗೈರು ಅಂತಲೇ ಬರೆದುಕೊಂಡರು.

ನಾನು ಓಟಗಾತಿ, ಬಾಯಿ ಇನ್ನೂ ಜೋರು.
ಸೋಮಲಿಯ ಬೆನ್ನು ಒಂದು ಮಾರು ದೂರ ಇರುವಾಗಲೇ
"ಖೋ" ಅಂದುಬಿಡುತ್ತಿದ್ದೆ.
ಸೀಟಿ.
"ಮದ್ಲ ಮುಟ್ಟು, ಆಮ್ಯಾಲೆ ಒದರು.
ಬೆನ್ನಿಗೆ ಕೈ ಬೀಳದ ಮಾತು ಫೌಲ್ ನೋಡವ್ವ."
ಮತ್ತೆ ಸೀಟಿ. ಮತ್ತೆ ನಾನು. ಮತ್ತೆ ಸೀಟಿ.

ಈಗ ಸೀಟಿ ನನ್ನ ಬಾಯಲ್ಲಿದೆ,
ಲಿಂಗಸುಗೂರು ಡಿಪೋದ ಖಾಕಿ ಮೈಮೇಲೆ.
ಒಂದು ಊದಿದರೆ ನಿಲ್ಲುತ್ತದೆ ಬಸ್ಸು, ಎರಡಕ್ಕೆ ಹೊರಡುತ್ತದೆ.
ಗುರುಗುಂಟಾ ಸ್ಟಾಪಿನಲ್ಲಿ ಫೋನು ಬಂತು.
ಎರಡು ಊದಬೇಕಿತ್ತು. ಊದಲಾಗಲಿಲ್ಲ.
ಡ್ರೈವರು ಕನ್ನಡಿಯಲ್ಲಿ ನೋಡುತ್ತಲೇ ಇದ್ದ.

ಮಣ್ಣಿಗೆ ಗಂಡಸರು ಹೋದರು.
ನಾವು ಐದು ಮಂದಿ, ಯಾರೂ ಕರೆಯದೆ, ಮೈದಾನಕ್ಕೆ.
ರಜಿಯಾ ಆಸ್ಪತ್ರೆಯ ಬಿಳಿ ಸೀರೆಯಲ್ಲೇ ಬಂದಿದ್ದಳು.
ಗೆರೆ ಇರಲಿಲ್ಲ. ಜಾಲಿ ಎದ್ದಿತ್ತು.
ಒಂದು ಕಂಬವನ್ನು ಯಾರೋ ಕಿತ್ತು ಮಾರಿಕೊಂಡಿದ್ದರು,
ಗುಜರಿ ಗುಜರಿಗೇ ಹೋಗಿತ್ತು.

ತಾಂಡಾದಿಂದ ನಡೆದು ಬಂದ ಸೋಮಲಿ
ಮೊಣಕಾಲು ನೋವು ಅಂತ ಕುಕ್ಕರಿಸಿ ಕೂತಳು,
ಮೂರನೇ ಮನೆ ಇದ್ದ ಕಡೆಗೇ,
ನನಗೆ ಬೆನ್ನು ಹಾಕಿ.

ಕೈ ತಾನಾಗಿ ಹೋಗಿ ಅವಳ ಬೆನ್ನ ಮೇಲೆ ಬಿತ್ತು.
ಮಾತು ಬರಲಿಲ್ಲ.
ಆದರೂ ಎದ್ದಳು,
ಅವಳ ಭಾಷೆಯಲ್ಲಿ ನನ್ನನ್ನು ಬೈಯುತ್ತ.